ಕುವಲಾಲಪುರದ ಹೆಸರು, ಕುವಲಾಲಪುರದ ನೀರು

ಕೋಲಾರಮ್ಮನ ಮುಖವನ್ನು ಭಕ್ತರು ಕನ್ನಡಿಯಲ್ಲಿ ನೋಡುತ್ತಾರೆ. ಉಗ್ರದೇವತೆ, ಅವಳ ಕಣ್ಣಿಗೆ ಕಣ್ಣು ಕೊಡಬಾರದು ಎಂಬುದು ಹಿಂದಿನಿಂದ ಬಂದ ನಂಬಿಕೆ. ಶುಕ್ರವಾರದ ಬೆಳಗ್ಗೆ ನಿಂಬೆಹಣ್ಣು, ಅರಿಸಿನ, ಮಲ್ಲಿಗೆ ಹಿಡಿದ ಹೆಂಗಸರ ಸಾಲು ಕಲ್ಲಿನ ಮಂಟಪದೊಳಗೆ ನಿಧಾನವಾಗಿ ಸರಿಯುತ್ತದೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದವರಿಗೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ದೀಪ, ದೀಪದ ಹಿಂದೆ ಕನ್ನಡಿ, ಕನ್ನಡಿಯೊಳಗೆ ಅರಿಸಿನ ಕುಂಕುಮದ ಒಂದು ಮುಖ. ಗರ್ಭಗುಡಿಯ ಕಡೆಗೆ ಕತ್ತು ಚಾಚಿದ ಹುಡುಗನ ಗಲ್ಲ ಹಿಡಿದು ಅಜ್ಜಿ ಈ ಕಡೆಗೆ ತಿರುಗಿಸುತ್ತಾಳೆ: "ಅಲ್ಲಲ್ಲ, ಇಲ್ಲಿ ನೋಡಪ್ಪ, ಅಮ್ಮ ಇಲ್ಲಿ ಕಾಣ್ತಾಳೆ."

ಅದೇ ಆವರಣದಲ್ಲಿ ಚೇಳಮ್ಮನ ಗುಡಿ. ಅವಳಿಗೆ ಕೈಮುಗಿದವರನ್ನು ಚೇಳು ಕಡಿಯುವುದಿಲ್ಲವಂತೆ. ಕೋಲಾರದ ನೆಲ ಕಂಡವರಿಗೆ ಈ ಹರಕೆಯ ಅರ್ಥ ಬೇಗ ಹೊಳೆಯುತ್ತದೆ. ಎತ್ತ ನೋಡಿದರೂ ಗುಂಡುಬಂಡೆ, ಬಂಡೆಯ ಬುಡದಲ್ಲಿ ಬಿಸಿಯಾದ ಮಣ್ಣು, ಕಲ್ಲೆತ್ತಿ ಬದು ಹಾಕಿಕೊಂಡೇ ರಾಗಿ, ಹುರುಳಿ ಬೆಳೆದು ಬಂದ ಜನ. ಗುಡಿಯೊಳಗೆ ನೆಲದಲ್ಲೇ ತೋಡಿದ ಹಳೆಯ ಹುಂಡಿಯೊಂದಿದೆ. ಹರಕೆ ಹೊತ್ತವರು ಅದಕ್ಕೆ ಕಾಣಿಕೆ ಹಾಕುತ್ತಾರೆ. ಒಳಗೆ ಸಪ್ತಮಾತೃಕೆಯರಿದ್ದಾರೆ. ತಾಯಂದಿರ ಊರು ಇದು. ಶಿವನ, ವಿಷ್ಣುವಿನ ದೊಡ್ಡ ಗುಡಿಗಳಿದ್ದರೂ ಊರಿನ ಒಡತಿ ಕೋಲಾರಮ್ಮನೇ.

ಕೈಮುಗಿದು ಹೊರಗೆ ಬಂದವರು ಗೋಡೆಯ ಕಡೆಗೆ ತಿರುಗಿ ನೋಡುವುದು ಕಡಿಮೆ. ನೋಡಬೇಕು. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಊರಿನ ದೇವತೆಯ ಗೋಡೆಯ ಮೇಲಿರುವ ಬರಹ ತಮಿಳು. 11ನೇ ಶತಮಾನದ ಮೊದಲ ವರ್ಷಗಳಲ್ಲಿ ಚೋಳರು ಗಂಗವಾಡಿಯನ್ನು ಗೆದ್ದು, ಈ ಸೀಮೆಗೆ ನಿಗರಿಲಿಚೋಳಮಂಡಲ ಎಂದು ಹೆಸರಿಟ್ಟರು. ರಾಜೇಂದ್ರ ಚೋಳನ ಕಾಲದ ಶಾಸನದಲ್ಲಿ ದೇವಿಯ ಹೆಸರು ಪಿಡಾರಿ. ಅದಕ್ಕೆ ಮುಂಚೆ ಇಟ್ಟಿಗೆಯಲ್ಲಿದ್ದ ಅವಳ ಗುಡಿಯನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದರೆಂದು ಅದು ಹೇಳುತ್ತದೆ. ಮುಂದೆ ಕುಲೋತ್ತುಂಗನ ಕಾಲದ ಬರಹದಲ್ಲಿ ಪೂಜೆಯ ಕ್ರಮವೂ ಇದೆ, ಗುಡಿಯ ಕೆಲಸದವರಿಗೆ ಅಳೆದುಕೊಡುವ ಭತ್ತದ ಲೆಕ್ಕವೂ ಇದೆ. ಆ ಗೋಡೆಯಲ್ಲಿ ಊರಿನ ಹೆಸರು ಕುವಲಾಲ.

ಚೋಳರು ಬರುವ ಹೊತ್ತಿಗೇ ಆ ಹೆಸರಿಗೆ ಆರುನೂರು ವರ್ಷಕ್ಕೂ ಮಿಕ್ಕಿದ ವಯಸ್ಸಾಗಿತ್ತು. 4ನೇ ಶತಮಾನದ ನಡುವೆ ಕೊಂಗಣಿವರ್ಮ ಮಾಧವ ಗಂಗರಾಜ್ಯವನ್ನು ನೆಲೆಗೊಳಿಸಿದ್ದು ಇಲ್ಲಿ. ಗಂಗರು ರಾಜಧಾನಿಯನ್ನು ಮುಂದೆ ಕಾವೇರಿಯ ದಡದ ತಲಕಾಡಿಗೆ ಒಯ್ದರು. ಊರು ಬಿಟ್ಟರೂ ಹೆಸರು ಬಿಡಲಿಲ್ಲ. ತಲಕಾಡಿನಲ್ಲಿ ಕೂತು ಆಳಿದ ಅರಸರ ಬಿರುದುಗಳಲ್ಲೂ 'ಕುವಲಾಲಪುರವರೇಶ್ವರ', 'ನಂದಗಿರಿನಾಥ' ಎಂಬ ಎರಡು ಮಾತು ನೂರಾರು ವರ್ಷ ಉಳಿದವು. ಒಂದು ಹುಟ್ಟಿದೂರು, ಇನ್ನೊಂದು ನಂದಿಬೆಟ್ಟ. ಆಳುವ ನೆಲ ಬದಲಾದರೂ ಮೂಲದ ಊರನ್ನು ಹೆಸರಿನ ಮುಂದೆ ಹೊತ್ತು ತಿರುಗಿದ ಆ ವಂಶದ ನಿಷ್ಠೆಗೆ ಮನಸ್ಸು ಮಣಿಯುತ್ತದೆ.

ನಾಲಿಗೆಯ ಮೇಲೆ ಸವೆಯುತ್ತ ಸವೆಯುತ್ತ ಕುವಲಾಲ ಕೋಳಾಲವಾಯಿತು, ಕೋಳಾಲ ಕೋಲಾರವಾಯಿತು. ಊರವರು ಹೇಳುವ ಕತೆ ಮಾತ್ರ ಬೇರೆ. ಜಮದಗ್ನಿಯ ಆಶ್ರಮಕ್ಕೆ ಬಂದ ಕಾರ್ತವೀರ್ಯಾರ್ಜುನ ಸುರಭಿ ಎಂಬ ಕಾಮಧೇನುವಿನ ಮೇಲೆ ಕಣ್ಣು ಹಾಕಿದ. ಪರಶುರಾಮ ಅವನನ್ನು ಕೊಂದ. ಆ ಕಾಳಗದ ಕೋಲಾಹಲದಿಂದ ಊರು ಕೋಲಾಹಲಪುರವಾಯಿತು. ಪಕ್ಕದ ಶತಶೃಂಗ ಬೆಟ್ಟದ ಒಂದೊಂದು ಬಂಡೆಗೂ ರೇಣುಕೆಯ, ಪರಶುರಾಮನ ಹೆಸರು ಹೇಳುವವರಿದ್ದಾರೆ. ಇದನ್ನು ಬರೀ ಕಟ್ಟುಕತೆ ಎಂದು ತಳ್ಳುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ಈ ಹೆಸರೂ ಹಳೆಯದೇ. ಒಡಿಶಾ, ಉತ್ತರಾಂಧ್ರಗಳನ್ನು ಆಳಿದ ಪೂರ್ವಗಂಗರು 12ನೇ ಶತಮಾನದ ತಾಮ್ರಶಾಸನದಲ್ಲಿ ತಮ್ಮ ವಂಶದ ಕತೆಯನ್ನು ಆರಂಭಿಸುವುದು ಗಂಗವಾಡಿಯ ಕೋಲಾಹಲಪುರದಿಂದ. ಕೋಲಾಹಲನೆಂಬ ಅರಸ ಅದನ್ನು ಕಟ್ಟಿದ, ಅವನ ವಂಶದ ಕಾಮಾರ್ಣವ ತಮ್ಮಂದಿರೊಂದಿಗೆ ಪೂರ್ವಕ್ಕೆ ಹೊರಟ ಎಂದು ಆ ಶಾಸನದ ಮಾತು. ಆ ಶಾಸನ ಬರೆಸಿದವನು ಅನಂತವರ್ಮ ಚೋಡಗಂಗ. ಪುರಿಯ ಜಗನ್ನಾಥನ ಈಗಿನ ಗುಡಿ ಶುರುವಾದದ್ದು ಅವನ ಕಾಲದಲ್ಲಿ. ಕೊನಾರ್ಕದ ಸೂರ್ಯನ ಗುಡಿ ಕಟ್ಟಿಸಿದ ನರಸಿಂಹದೇವನೂ ಅದೇ ವಂಶದವನು. ಪುರಿಗೆ ಯಾತ್ರೆ ಹೋಗುವ ಕೋಲಾರದ ಕುಟುಂಬಗಳಿಗೆ, ಆ ಗುಡಿಯ ಒಡೆಯರು ತಮ್ಮೂರಿನ ಹೆಸರನ್ನು ಅಭಿಮಾನದಿಂದ ಹೇಳಿಕೊಂಡಿದ್ದರೆಂದು ತಿಳಿಸುವವರು ಬೇಕು.

ತಲಕಾಡಿನ ಕತೆ ಎಲ್ಲರಿಗೂ ಗೊತ್ತು. ಕಾವೇರಿಯ ಮಗ್ಗುಲಿನ ಆ ರಾಜಧಾನಿಯ ಮೇಲೆ ಮರಳು ಏರಿ ಏರಿ ಗುಡಿಗಳೇ ಮುಚ್ಚಿಹೋದವು. ಪಂಚಲಿಂಗ ದರ್ಶನಕ್ಕೆ ಈಗಲೂ ಮರಳು ಸರಿಸಿ ದಾರಿ ಮಾಡಬೇಕು. ಗಂಗರು ಬಿಟ್ಟುಹೋದ ಕೋಲಾರದಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್ ಮಳೆ ಬಂದರೆ ಉಂಟು. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಆದರೂ ಊರು ಹದಿನಾರು ಶತಮಾನ ಒಲೆ ಆರಿಸದೆ ಉಳಿದುಕೊಂಡಿತು.

ಇಂಥ ಊರುಗಳ ಹಿರಿಯಕ್ಕ ಇರುವುದು ಇರಾನಿನಲ್ಲಿ. ದಶ್ತೆ ಕವೀರ್, ದಶ್ತೆ ಲೂತ್ ಎಂಬ ಎರಡು ಮರುಭೂಮಿಗಳ ನಡುವೆ ಯಜ್ದ್ ಎಂಬ ಹಸಿಮಣ್ಣಿನ ಇಟ್ಟಿಗೆಯ ನಗರವಿದೆ. ಪೂಜೆಗೆ ಅರ್ಹವಾದದ್ದು ಎಂಬ ಅರ್ಥದ, ನಮ್ಮ 'ಯಜ' ಧಾತುವಿನ ನೆಂಟಸ್ತಿಕೆಯ ಹೆಸರು. ಜರತುಷ್ಟ್ರರ ಅಗ್ನಿ ಅಲ್ಲಿ ಇಂದಿಗೂ ಉರಿಯುತ್ತಿದೆ. ಮನೆಗಳ ಮೇಲೆ ಗಾಳಿ ಹಿಡಿದು ಒಳಗೆ ಇಳಿಸುವ ಗೋಪುರಗಳು. ದೂರದ ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ನಸು ಇಳಿಜಾರಿನ ಸುರಂಗ ಕೊರೆದು, ಬಿಸಿಲು ಕುಡಿಯದ ಹಾಗೆ ನೆಲದೊಳಗೇ ಊರಿಗೆ ನೀರು ತಂದ 'ಕನಾತ್'ಗಳು. 2017ರಲ್ಲಿ ಯುನೆಸ್ಕೊ ಆ ಹಳೆಯ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕನಾತ್ ತೋಡುವ ಅದೇ ವಿದ್ಯೆಯನ್ನು ಬಹಮನಿಗಳ ಕಾಲದಲ್ಲಿ ಬೀದರದ ನೌಬಾದಿನ ಮುರಕಲ್ಲಿನಲ್ಲಿ ಕೊರೆದದ್ದನ್ನು ನಮ್ಮ ನಾಡಿನಲ್ಲೇ ಕಾಣಬಹುದು. ಕೋಲಾರದ ಕಪ್ಪು ಬಂಡೆ ಅಂಥ ಸುರಂಗಕ್ಕೆ ಬಗ್ಗುವುದಲ್ಲ. ಇಲ್ಲಿಯವರು ನೀರನ್ನು ನೆಲದ ಮೇಲೇ ತಡೆದರು.

ಅದನ್ನು ನೋಡಲು ಅಂತರಗಂಗೆಯ ಮೆಟ್ಟಿಲು ಹತ್ತಬೇಕು. ಊರಿನ ಬೆನ್ನಿಗೆ ಆನಿಕೊಂಡ ಶತಶೃಂಗದ ಮೈಯಲ್ಲಿ ಕಾಶಿ ವಿಶ್ವೇಶ್ವರನ ಗುಡಿ, ಗುಡಿಯ ಮಗ್ಗುಲಿಗೆ ಕಲ್ಯಾಣಿ, ಕಲ್ಯಾಣಿಗೆ ಕಲ್ಲಿನ ಬಸವನ ಬಾಯಿಂದ ನೀರು. ಬೇಸಿಗೆಯಲ್ಲೂ ಬೀಳುವ ಈ ಧಾರೆಯ ಕೆಳಗೆ ಬಿಂದಿಗೆ ಇಟ್ಟವರು, ಬೊಗಸೆ ಒಡ್ಡಿದವರು, ತಲೆಗೆ ಪ್ರೋಕ್ಷಿಸಿಕೊಳ್ಳುವವರು. ಕೋತಿಗಳ ಹಿಂಡು ಕಡಲೆಪುರಿಯ ಪೊಟ್ಟಣಕ್ಕೆ ಹೊಂಚು ಹಾಕಿ ಕೂತಿರುತ್ತದೆ. ಇನ್ನೂ ಮೇಲೆ, ಬಂಡೆಗಳ ಸಂದಿಯ ಗುಹೆಗಳನ್ನು ದಾಟಿ ನಿಂತರೆ ಕೋಲಾರದ ಸೀಮೆ ಪೂರ್ತಿ ಕಣ್ಣಿಗೆ ಬೀಳುತ್ತದೆ. ಮಳೆ ಬಿದ್ದ ವರ್ಷವಾದರೆ ಅಲ್ಲೊಂದು ಇಲ್ಲೊಂದು ಹೊಳೆಯುವ ಕೆರೆ. ಒಂದರ ಕೆಳಗೊಂದು, ಅದರ ಕೆಳಗೆ ಮತ್ತೊಂದು.

ಹಳೆಯ ಕೋಲಾರ ಸೀಮೆಯ ಸಾವಿರಾರು ಕೆರೆಗಳು ಹೀಗೆ ಸರಪಳಿಯಾಗಿ ಕಟ್ಟಿದಂಥವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಏರಿಯ ಒಳಮೈಗೆ ಕಲ್ಲುಕಟ್ಟಣೆ, ತೂಬಿನಿಂದ ಅಚ್ಚುಕಟ್ಟಿಗೆ ನೀರು, ತೂಬು ಎತ್ತುವುದಕ್ಕೆ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಮಾತು. ಅವನಿಗೆ ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಧಾನ್ಯ. ಬೇಸಿಗೆಯಲ್ಲಿ ಕೆರೆಯಂಗಳದ ಗೋಡು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆದರೆ ಕೆರೆಗೂ ಆಳ, ಹೊಲಕ್ಕೂ ಗೊಬ್ಬರ. ಅರಸರ ಬಿರುದಿಗಿಂತ ಈ ನೀರುಗಂಟಿಯ ಕಸುಬೇ ಕುವಲಾಲವನ್ನು ಬದುಕಿಸಿದ್ದು. ಗಂಗರು ಹೋದರು, ಚೋಳರು ಬಂದರು, ಹೊಯ್ಸಳರು, ವಿಜಯನಗರದವರು, ಶಿವಾಜಿಯ ತಂದೆ ಶಹಾಜಿಯ ಜಹಗೀರು, ಮೊಗಲರ ಶಿರಾ ಸುಭಾ, ಯಾರ ಕಾಲದಲ್ಲೂ ತೂಬಿನ ಹತ್ತಿರ ಒಬ್ಬ ನಿಂತಿದ್ದ.

ಬೆಟ್ಟ ಇಳಿದು ಊರಿಗೆ ಮರಳಿದರೆ, ಕೋಲಾರಮ್ಮನ ಗುಡಿಗೆ ಹತ್ತಿರದಲ್ಲೇ ವಿಜಯನಗರ ಕಾಲದ ಸೋಮೇಶ್ವರನ ಗುಡಿ. ಎತ್ತರದ ಗೋಪುರದ ಬಾಗಿಲು ದಾಟಿದರೆ ವಿಶಾಲವಾದ ಅಂಗಳ, ಮೂಲೆಯಲ್ಲಿ ಕಲ್ಯಾಣಮಂಟಪ. ಅದರ ಕಂಬಗಳ ಯಾಳಿಗಳನ್ನು, ಸವಾರರನ್ನು ಬೆಳಗಿನ ಓರೆಬಿಸಿಲಿನಲ್ಲಿ ನೋಡಬೇಕು. ಕಲ್ಲು ಉಸಿರಾಡಿದಂತೆ ಕಾಣುತ್ತದೆ.

ಊರಿನ ಇನ್ನೊಂದು ಕಡೆ ಮಕಬರಾ. ಇಲ್ಲಿ ಮಲಗಿರುವುದು ಫತೇ ಮಹಮ್ಮದ್, ಹೈದರ್ ಅಲಿಯ ತಂದೆ. ಶಿರಾ ಸುಭೇದಾರನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ, ಬೂದಿಕೋಟೆಯ ಜಹಗೀರು ಪಡೆದಿದ್ದ. ಹೈದರ್ ಹುಟ್ಟಿದ್ದು ಆ ಬೂದಿಕೋಟೆಯಲ್ಲಿ. ಆರ್ಕಾಟಿನ ಯುದ್ಧದ ನಡುವೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಬಿಡಾರದಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿ. ಸುದ್ದಿ ಹೊರಬಿದ್ದರೆ ದಂಡು ಚದುರುತ್ತದೆಂದು ಆಪ್ತರು ಸಾವನ್ನು ಮುಚ್ಚಿಟ್ಟರು. ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿ ದೇಹವನ್ನಿಟ್ಟು, ಬೆಲೆಬಾಳುವ ಸರಂಜಾಮು ಸಾಗಿಸುವ ಹಾಗೆ ಕಾವಲಿನೊಂದಿಗೆ ಕಳಿಸಿದರು. ಅದು ಬಂದದ್ದು ಕೋಲಾರಕ್ಕೆ. ತಂದೆಯ ಮಗ್ಗುಲಲ್ಲಿ ಹೈದರನನ್ನು ಮೊದಲು ಮಣ್ಣು ಮಾಡಿದರು. ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಆಮೇಲೆ. ಮೈಸೂರು ಸೀಮೆಯನ್ನೆಲ್ಲ ಆಳಿದವನು ಹುಟ್ಟಿದ ಸೀಮೆಗೆ ಯಾರ ಕಣ್ಣಿಗೂ ಬೀಳದಂತೆ ಮರಳಿದ ಆ ದಾರಿಯನ್ನು ಎಣಿಸಿಕೊಂಡರೆ, ಈ ಗೋರಿಗಳ ಮುಂದೆ ದನಿ ತಾನಾಗಿ ತಗ್ಗುತ್ತದೆ.

ಪಾರಸಿ ಆಗ ಆಸ್ಥಾನದ ಭಾಷೆ. ಹೈದರ್, ಟಿಪ್ಪು ಇಬ್ಬರ ಚರಿತ್ರೆಯನ್ನು 'ನಿಶಾನೆ ಹೈದರಿ' ಎಂದು ಪಾರಸಿಯಲ್ಲಿ ಬರೆದವನು ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ. ಯಜ್ದ್‌ನಿಂದ ಆಗ್ನೇಯಕ್ಕೆ, ದಶ್ತೆ ಲೂತ್ ಮರುಭೂಮಿಯ ಅಂಚಿನಲ್ಲಿರುವ ಕೆರ್ಮಾನ್ ನಗರದ ಹೆಸರು ಆ ಕಿರ್ಮಾನಿ. 1983ರ ವಿಶ್ವಕಪ್ಪಿನಲ್ಲಿ ವಿಕೆಟ್ ಹಿಂದೆ ನಿಂತ ನಮ್ಮ ಸೈಯದ್ ಕಿರ್ಮಾನಿ ಅವರ ಹೆಸರಿನಲ್ಲೂ ಅದೇ ಊರಿದೆ. ಗಂಗರು ಕುವಲಾಲವನ್ನು ಹೆಸರಿನ ಮುಂದೆ ಇಟ್ಟುಕೊಂಡರು, ಈ ಕಿರ್ಮಾನಿಗಳು ಕೆರ್ಮಾನನ್ನು ಹೆಸರಿನ ಹಿಂದೆ ಇಟ್ಟುಕೊಂಡರು.

ಪೂರ್ವದ ಹೆದ್ದಾರಿ ಹಿಡಿದರೆ ಮುಳಬಾಗಿಲು, ಮೂಡಲ ಬಾಗಿಲು. ವಿಜಯನಗರದ ಕಾಲದಲ್ಲಿ ದೊಡ್ಡ ಅಧಿಕಾರಿಗಳ ನೆಲೆ. ತಿರುಪತಿಯ ಕಡೆಗೆ ಹೋಗುವ ಯಾತ್ರಿಕರ ಗಾಡಿಗಳು ಇಂದಿಗೂ ಇಲ್ಲಿ ನಿಲ್ಲುತ್ತವೆ: ಆಂಜನೇಯನಿಗೆ ಒಂದು ನಮಸ್ಕಾರ, ಕುರುಡುಮಲೆಯ ಆಳೆತ್ತರ ಮೀರಿದ ಗಣಪನಿಗೆ ಒಂದು, ಆಮೇಲೆ ದಪ್ಪನೆಯ, ಅಂಚು ಗರಿಗರಿಯಾದ, ತುಪ್ಪ ಸೋರುವ ಮುಳಬಾಗಿಲು ದೋಸೆ. ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ರಂಗವಿಠಲನ ಅಂಕಿತದಲ್ಲಿ ಕನ್ನಡದ ಹಾಡು ಕಟ್ಟಿ ದಾಸಸಾಹಿತ್ಯಕ್ಕೆ ಹಾದಿ ಹಾಕಿದವರು, ವ್ಯಾಸರಾಯರಿಗೆ ಪಾಠ ಹೇಳಿದವರು. ಊರಿನೊಳಗೆ ಹೈದರ್ ವಲಿಯ ದರ್ಗಾ. ಉರುಸಿಗೆ ಸುತ್ತಲಿನ ಹಳ್ಳಿಗಳ ಎಲ್ಲ ಜಾತಿಯವರೂ ಬರುತ್ತಾರೆ. 1887ರಲ್ಲಿ ಡಿ.ವಿ.ಗುಂಡಪ್ಪನವರು ಹುಟ್ಟಿದ ಊರೂ ಇದೇ. ಇಷ್ಟನ್ನೆಲ್ಲ ಕೆಲವೇ ಮೈಲಿಗಳೊಳಗೆ ಇಟ್ಟುಕೊಂಡ ಪೇಟೆ ಬೇರೆಲ್ಲಿಯಾದರೂ ಆಗಿದ್ದರೆ ಅದರ ಹೆಸರಿನಲ್ಲಿ ವರ್ಷಕ್ಕೊಂದು ಉತ್ಸವ ನಡೆಯುತ್ತಿತ್ತು.

ಮುಳಬಾಗಿಲು ತಾಲ್ಲೂಕಿನ ಆವಣಿಗೆ ಬೇರೆಯದೇ ಚಹರೆ. ಬೋಳುಬಂಡೆಯ ಬೆಟ್ಟ, ತುದಿಯಲ್ಲಿ ಸೀತಾ ಪಾರ್ವತಿಯ ಗುಡಿ, ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರನ ಆವರಣ. ರಾಮನ ಜೊತೆಗೆ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳೂ ಇಲ್ಲಿವೆ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಇಲ್ಲಿ ಹುಟ್ಟಿದರು ಎಂದು ಮಕ್ಕಳಿಲ್ಲದ ಹೆಂಗಸರು ಆ ಬೆಟ್ಟ ಹತ್ತುತ್ತಾರೆ. ಶಿವರಾತ್ರಿಯ ಹೊತ್ತಿನ ಜಾತ್ರೆಗೆ ಹಳ್ಳಿಕಾರ್ ಎತ್ತಿನ ಜೋಡಿಗಳು ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿಕೊಂಡು ಬಂದು ನಿಲ್ಲುತ್ತವೆ. 10ನೇ ಶತಮಾನದಲ್ಲಿ ಇಲ್ಲಿದ್ದ ತ್ರಿಭುವನಕರ್ತನೆಂಬ ಶೈವ ಯತಿಯನ್ನು ಒಂದು ಶಾಸನ ನೆನೆಯುತ್ತದೆ. ನಲವತ್ತು ವರ್ಷ ಆವಣಿಯ ಸ್ಥಾನವನ್ನು ನಡೆಸಿದ ಆತ ಐವತ್ತು ಗುಡಿ ಕಟ್ಟಿಸಿದ, ಜೊತೆಗೆ ಎರಡು ದೊಡ್ಡ ಕೆರೆ. ಯತಿಯ ಪುಣ್ಯದ ಲೆಕ್ಕದಲ್ಲಿ ಕೆರೆಯನ್ನು ಗುಡಿಯ ಪಕ್ಕದಲ್ಲೇ ಬರೆದಿಟ್ಟ ನಾಡು ಇದು.

ಉತ್ತರಕ್ಕೆ ಶ್ರೀನಿವಾಸಪುರ. ಹಿಂದೆ ಪಾಪನಪಲ್ಲಿ ಎಂದಿದ್ದ ಹಳ್ಳಿಗೆ ದಿವಾನ್ ಪೂರ್ಣಯ್ಯ ತನ್ನ ಮಗನ ಹೆಸರಿಟ್ಟ. ಇಂದು ಆ ಹೆಸರು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಮಾವು. ಪುಷ್ಯ ಮಾಘದಲ್ಲಿ ಆ ದಾರಿಯಲ್ಲಿ ಹೋದರೆ ಹೂವಿನ ವಾಸನೆ ಬಸ್ಸಿನೊಳಗೆ ಬರುತ್ತದೆ. ಮೇ, ಜೂನಿನಲ್ಲಿ ಮಂಡಿಯ ತುಂಬ ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ. ರಾಶಿ ರಾಶಿ ತೋತಾಪುರಿ ಗಡಿ ದಾಟಿ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ. ವ್ಯಾಪಾರದ ಮಾತು ತೆಲುಗಿನಲ್ಲಿ ಶುರುವಾಗಿ, ಬೆಲೆಯ ಹತ್ತಿರ ಕನ್ನಡಕ್ಕೆ ಹೊರಳಿ, ಕೊನೆಗೆ ಟವೆಲ್ಲಿನ ಕೆಳಗೆ ಬೆರಳುಗಳಲ್ಲಿ ಮುಗಿಯುತ್ತಿತ್ತೆಂದು ಹಿರಿಯರು ನೆನೆಸಿಕೊಳ್ಳುತ್ತಾರೆ.

ಮಾಲೂರು ಬೆಂಗಳೂರಿಗೆ ಒತ್ತಿಕೊಂಡ ಊರು. ಇಟ್ಟಿಗೆ, ಹೆಂಚಿನ ಗೂಡುಗಳ ಹೊಗೆಕೊಳವೆ, ಹೂವಿನ ತೋಟ, ಚಿಕ್ಕತಿರುಪತಿಗೆ ಶನಿವಾರದ ಜನ. ಈ ತಾಲ್ಲೂಕಿನ ಒಂದು ಹಳ್ಳಿಯ ಹೆಸರನ್ನು ಕನ್ನಡಿಗರು ಒಬ್ಬ ಮನುಷ್ಯನ ಹೆಸರೆಂದೇ ಪ್ರೀತಿಯಿಂದ ಕರೆಯುತ್ತಾರೆ: ಮಾಸ್ತಿ. ಮನೆಯಲ್ಲಿ ತಮಿಳಾಡುತ್ತ ಬೆಳೆದು, ಕನ್ನಡದಲ್ಲಿ ಸಣ್ಣಕತೆಗೆ ನೆಲೆ ಮಾಡಿಕೊಟ್ಟು, 1983ರ ಜ್ಞಾನಪೀಠ ಪಡೆದ ವೆಂಕಟೇಶ ಅಯ್ಯಂಗಾರ್ಯರು. ತಮಿಳು ಶಾಸನದ ಗೋಡೆ, ಕನ್ನಡದ ಹರಕೆ, ತೆಲುಗಿನ ವ್ಯಾಪಾರ, ಪಾರಸಿಯ ಚರಿತ್ರೆ ಎಲ್ಲವನ್ನೂ ಸಾಕಿದ ಸೀಮೆಯಲ್ಲಿ ಅದು ಸಹಜವಾಗಿಯೇ ಆದದ್ದು.

ಈಗಿನ ಕೋಲಾರವನ್ನು ನೋಡಬೇಕಾದರೆ ಎಪಿಎಂಸಿ ಯಾರ್ಡಿಗೆ ಹೋಗಬೇಕು. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕಿಲೊದ ಬಾಕ್ಸುಗಳ ಕೆಂಪು ಗೋಡೆಗಳ ನಡುವೆ ಹರಾಜು ಕೂಗು, ಹಮಾಲರ ಓಟ, ದೂರದ ರಾಜ್ಯಗಳ ನಂಬರಿನ ಲಾರಿಗಳು. ಇಷ್ಟು ಟೊಮೆಟೊ ಬೆಳೆದದ್ದು ಕೆರೆಯ ನೀರಿನಲ್ಲಿ ಅಲ್ಲ. ಬೋರ್‌ವೆಲ್ ಬಂದ ಮೇಲೆ ತೂಬನ್ನು ಕೇಳುವವರಿಲ್ಲವಾಯಿತು, ನೀರುಗಂಟಿಯ ಧಾನ್ಯ ನಿಂತಿತು, ರಾಜಕಾಲುವೆಯ ಮೇಲೆ ನೀಲಗಿರಿಯೂ ನಿವೇಶನವೂ ಎದ್ದವು. ಸಾವಿರ ಅಡಿ ದಾಟಿ ಕೊರೆದರೂ ಧೂಳು ಮಾತ್ರ ಬಂದ ಕೊಳವೆಬಾವಿಗಳ ಸಾಲದಲ್ಲಿ ಮುಳುಗಿದ ಮನೆಗಳು ಪ್ರತಿ ಹಳ್ಳಿಯಲ್ಲೂ ಇವೆ.

2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೇರೊಂದು ನೀರು ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ಹರಿಸುವ ಕೆ.ಸಿ.ವ್ಯಾಲಿ ಯೋಜನೆ. ಅದೇ ಹಳೆಯ ಸರಪಳಿಯಲ್ಲಿ, ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಇಳಿಯುತ್ತ ನೀರು ಮುಂದೆ ಸಾಗಿತು. ನೊರೆ ಕಂಡು ಜನ ಹೆದರಿದರು; ವ್ಯಾಜ್ಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಊರಂಚಿನ ಕೋಲಾರಮ್ಮನ ಕೆರೆಯೂ ತುಂಬಿತು. ಬತ್ತಿದ್ದ ಬಾವಿಗಳಿಗೆ ಸೆಲೆ ಬಂದದ್ದನ್ನು ರೈತರು ಕಣ್ಣಾರೆ ಕಂಡಿದ್ದಾರೆ. ಆ ನೀರನ್ನು ಮೂರನೆಯ ಹಂತಕ್ಕೂ ಶುದ್ಧೀಕರಿಸಿ ಕೊಡಿ ಎಂದು ಬೀದಿಗಿಳಿದವರೂ ಅದೇ ರೈತರು. ಕುಡಿಯುವುದಕ್ಕೆಂದು ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು ಉದ್ಘಾಟನೆಯಾದದ್ದು 2023ರಲ್ಲಿ.

ಮೂರನೆಯ ಹಂತದ ಬೇಡಿಕೆ ನ್ಯಾಯವಾದದ್ದು. ಬೆಂಗಳೂರಿಗೆ ತರಕಾರಿ, ಹಾಲು, ಇಟ್ಟಿಗೆ ಕೊಡುವ ಸೀಮೆ ಅದನ್ನು ಗಟ್ಟಿಯಾಗಿ ಕೇಳಬಹುದು. ಅದರ ಜೊತೆಗೆ ಕಟ್ಟಣೆ ಕಳಚಿದ ಏರಿಗಳಿಗೆ ಕಲ್ಲು ಬೀಳಬೇಕು, ಹೂತುಹೋದ ರಾಜಕಾಲುವೆಗಳನ್ನು ಸರ್ವೆ ನಕ್ಷೆ ಹಿಡಿದು ಬಿಡಿಸಬೇಕು, ನೀರುಗಂಟಿಗೆ ಪಂಚಾಯಿತಿಯಿಂದ ಸಂಬಳವಾಗಬೇಕು. ಆ ಕೆಲಸ ಬಲ್ಲ ಹಿರಿಯರು ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.